‘ಮುಂದೆ’ ಒತ್ತಿದರೆ ಅರ್ಜಿ ಸೇರಿತೇ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತೊಗರಿ ಬೆಳೆಗಾರರಿಗೆ ಗ್ರಾಮ ಒನ್ ಕೇಂದ್ರದ ಸಾಲು ಹೊಸದಲ್ಲ. ಬೆಳೆ ವಿಮೆಯ ಕೊನೆಯ ದಿನ ಹತ್ತಿರವಾದಾಗ ಆಧಾರ್, ಪಹಣಿ, ಪಾಸ್‌ಬುಕ್ ಹಿಡಿದು ನಿಲ್ಲುತ್ತಾರೆ. ಹಲವು ಹಂತಗಳ ಅರ್ಜಿಯೊಂದರಲ್ಲಿ ಮೂರು ಪುಟ ತುಂಬಿದ ಮೇಲೆ ಕರೆಂಟ್ ಹೋಯಿತು ಎಂದುಕೊಳ್ಳಿ. ‘ಮುಂದೆ’ ಒತ್ತಿದ್ದೇವಲ್ಲ, ಅಷ್ಟಾದರೂ ಇಲಾಖೆಗೆ ಮುಟ್ಟಿರಬೇಕು ಎಂದು ಅನಿಸುವುದು ಸಹಜ. ಅದು ನಿಜವೇ?

ಸಾಮಾನ್ಯವಾಗಿ ಅಲ್ಲ. ಇಂಥ ಅರ್ಜಿಯನ್ನು ಪೈಥಾನ್‌ನ ಜಾಂಗೋ ಫ್ರೇಮ್‌ವರ್ಕ್‌ನಲ್ಲಿ ಕಟ್ಟಿದರೆ ಏನಾಗುತ್ತದೆ ನೋಡೋಣ. ಇದಕ್ಕೆ ‘ಫಾರ್ಮ್ ವಿಜಾರ್ಡ್’ ಎಂಬ ಸಿದ್ಧ ಸಾಧನವಿದೆ. ಮೊದಲು ಜಾಂಗೋ ಒಳಗೇ ಇತ್ತು, 2015ರ 1.8 ಆವೃತ್ತಿಯಿಂದ ‘ಜಾಂಗೋ ಫಾರ್ಮ್‌ಟೂಲ್ಸ್’ ಎಂಬ ಬೇರೆ ಪ್ಯಾಕೇಜ್ ಆಯಿತು. ಪ್ರತಿ ಹಂತದ ಉತ್ತರವನ್ನು ಅದು ‘ಸೆಷನ್’ ಎಂಬ ತಾತ್ಕಾಲಿಕ ಚೀಲದಲ್ಲಿ ಇಡುತ್ತದೆ. ಕೊನೆಯ ಹಂತ ದಾಟಿದಾಗ ಮಾತ್ರ ‘ಡನ್’ ಎಂಬ ಭಾಗ ಓಡುತ್ತದೆ. ಅರ್ಜಿ ನಿಜವಾಗಿ ದಾಖಲಾಗುವುದು ಅಲ್ಲಿ. ಅರ್ಜಿ ಸಂಖ್ಯೆ ಬರುವವರೆಗೆ ಸಾಲಿನಿಂದ ಕದಲಬೇಡಿ.

ತಮಾಷೆಯೆಂದರೆ, ಕರೆಂಟ್ ಹೋದರೂ ಆ ಚೀಲ ಎಲ್ಲಿಗೂ ಹೋಗಿರುವುದಿಲ್ಲ. ಡೆವಲಪರ್ ಬದಲಿಸದಿದ್ದರೆ ಸೆಷನ್ ಎರಡು ವಾರ ಉಳಿಯುತ್ತದೆ. ಮಾಹಿತಿ ಅಳಿಯುವುದು ಆಮೇಲೆ: ಅದೇ ವಿಳಾಸವನ್ನು ಮತ್ತೆ ತೆರೆದ ಕೂಡಲೇ ವಿಜಾರ್ಡ್ ಚೀಲವನ್ನು ಖಾಲಿ ಮಾಡಿ ಮೊದಲ ಪುಟ ತೋರಿಸುತ್ತದೆ!

ಪರಿಹಾರವಿದೆ. ‘ನೇಮ್ಡ್ ಯುಆರ್‌ಎಲ್’ ವಿಜಾರ್ಡ್ ಬಳಸಿದರೆ ಪ್ರತಿ ಹಂತಕ್ಕೂ ತನ್ನದೇ ವಿಳಾಸ ಸಿಗುತ್ತದೆ, ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಆದರೆ ಸೇವಾ ಕೇಂದ್ರದ ಕಂಪ್ಯೂಟರ್ ಎಲ್ಲರದ್ದು. ಹಿಂದಿನ ರೈತರ ಅರ್ಜಿ ಅರ್ಧಕ್ಕೆ ನಿಂತಿದ್ದರೆ, ಮುಂದಿನವರ ಸರದಿಯಲ್ಲಿ ಅವರ ಆಧಾರ್ ಸಂಖ್ಯೆ, ಸರ್ವೆ ನಂಬರ್ ತೆರೆಯ ಮೇಲೆ ಬರಬಹುದು. ಒಂದೇ ಬ್ರೌಸರ್‌ನ ಎರಡು ಟ್ಯಾಬ್‌ಗಳಲ್ಲಿ ಇಬ್ಬರ ಅರ್ಜಿ ತೆರೆದರಂತೂ ಇವರ ಹೊಲ ಅವರ ಹೆಸರಿಗೆ ಸೇರುವ ಅಪಾಯವಿದೆ. ಹಾಗಾಗಿ ‘ಹೊಸ ಅರ್ಜಿ’ ಗುಂಡಿಯೊಂದು ಚೀಲವನ್ನು ಖಾಲಿ ಮಾಡಲೇಬೇಕು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ, ಮೊದಲ ಹಂತದಲ್ಲೇ ಕರಡು ಸಂಖ್ಯೆ ಕೊಟ್ಟು ಪ್ರತಿ ಹಂತವನ್ನೂ ಡೇಟಾಬೇಸ್‌ನಲ್ಲಿ ಕರಡಾಗಿ ಉಳಿಸುವುದು. ಆಗ ನಾಳೆ ಬೇರೆ ಕೇಂದ್ರದಲ್ಲೂ ಮುಂದುವರಿಸಬಹುದು.

ಅಂದಹಾಗೆ, ಕೊನೆಯಲ್ಲಿ ವಿಜಾರ್ಡ್ ಎಲ್ಲ ಹಂತಗಳನ್ನೂ ಇನ್ನೊಮ್ಮೆ ಪರೀಕ್ಷಿಸುತ್ತದೆ. ಮೊದಲ ಹಂತದ ಒಟಿಪಿ ಅಷ್ಟರಲ್ಲಿ ಅವಧಿ ಮುಗಿದಿದ್ದರೆ ಅರ್ಜಿದಾರರು ನೇರ ಮೊದಲ ಪುಟಕ್ಕೆ! ಒಟಿಪಿ ಪರೀಕ್ಷೆಯನ್ನು ವಿಜಾರ್ಡ್‌ಗೆ ಮುಂಚೆಯೇ, ಪ್ರತ್ಯೇಕ ಪುಟದಲ್ಲಿ ಮುಗಿಸಿಕೊಂಡರೆ ಈ ತೊಂದರೆ ಇಲ್ಲ.