ನೀರು ನುಗ್ಗುವಲ್ಲಿ ಸಣ್ಣ ಚೌಕ

1959ರ ಡಿಸೆಂಬರ್ 2, ರಾತ್ರಿ ಒಂಬತ್ತು ದಾಟಿತ್ತು. ದಕ್ಷಿಣ ಫ್ರಾನ್ಸಿನ ಮಾಲ್‌ಪಾಸೆ ಅಣೆಕಟ್ಟು ಒಡೆಯಿತು. ರೇರಾನ್ ಕಣಿವೆಗುಂಟ ನುಗ್ಗಿದ ನೀರು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಫ್ರೇಜ್ಯುಸ್ ಪಟ್ಟಣ ಹೊಕ್ಕಿತು. 423 ಮಂದಿ ಸತ್ತರು. ಆ ಕತ್ತಲಲ್ಲಿ ಗಡಿಯಾರ ನೋಡುವ ಸ್ಥಿತಿ ಯಾರಿಗಿತ್ತು? ಹೊತ್ತಿನ ಲೆಕ್ಕ ಇಟ್ಟವು ದಾರಿಯಲ್ಲಿದ್ದ ಮೂರು ಟ್ರಾನ್ಸ್‌ಫಾರ್ಮರುಗಳು. ನೀರು ಬಡಿದಂತೆ ಒಂದೊಂದೇ ಕೆಟ್ಟವು: ಕಟ್ಟೆ ಒಡೆದು 100 ಸೆಕೆಂಡಿಗೆ ಒಂದು, 1240ಕ್ಕೆ ಇನ್ನೊಂದು, 1420ಕ್ಕೆ ಮತ್ತೊಂದು. ನೀರೇರಿದ ಗುರುತುಗಳನ್ನು ಪೊಲೀಸರು ಆಮೇಲೆ ಅಳೆದರು.

ಪ್ರವಾಹವನ್ನು ಕಂಪ್ಯೂಟರಿನಲ್ಲಿ ಹರಿಸಿ ನೋಡುವವರಿಗೆ ಈ ದುರಂತವೇ ಒರೆಗಲ್ಲು. ಸಮೀಕರಣವೇನೋ ಹಳೆಯದು, 1871ರಲ್ಲಿ ಸಾಂ-ವೆನಾಂ ಬರೆದದ್ದರ ಸಂತಾನ. ಹರವಿಗೆ ಹೋಲಿಸಿದರೆ ಆಳ ತೀರಾ ಕಡಿಮೆ ಎಂದು ಹಿಡಿದು, ನೀರಿನ ಆಳ ಮತ್ತು ವೇಗ ಇಷ್ಟನ್ನೇ ಲೆಕ್ಕ ಹಾಕುವುದು. ತೊಡಕು ಇರುವುದು ನಕ್ಷೆಯಲ್ಲಿ. ಕಣಿವೆಯನ್ನು ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಲೆಕ್ಕ ಮಾಡಬೇಕು. ಚೌಕದ ಅಂಚು ಅರ್ಧಕ್ಕಿಳಿದರೆ ಚೌಕಗಳು ನಾಲ್ಕು ಪಟ್ಟು. ಅಲೆ ಒಂದೇ ನೆಗೆತಕ್ಕೆ ಚೌಕ ದಾಟಬಾರದೆಂದು ಕಾಲದ ಹೆಜ್ಜೆಯೂ ಅರ್ಧ. ಕೆಲಸ ಎಂಟು ಪಟ್ಟಾಯಿತು. ಅದರಲ್ಲಿ ಎಷ್ಟೋ ಚೌಕಗಳು ಬರೀ ಒಣ ಗುಡ್ಡ!

1984ರಲ್ಲಿ ಮಾರ್ಷಾ ಬರ್ಗರ್ ಮತ್ತು ಜೋಸೆಫ್ ಒಲಿಗರ್ ಇಂಥ ಲೆಕ್ಕಗಳಿಗೊಂದು ದಾರಿ ತೋರಿದರು. ಎಲ್ಲೆಡೆ ದೊಡ್ಡ ಚೌಕ ಹಾಸಿ, ಅಲೆಯ ಮೂತಿ ಇರುವಲ್ಲಿ ಮಾತ್ರ ಸಣ್ಣ ಚೌಕಗಳ ತೇಪೆ ಹಾಕುವುದು. ಅಲೆ ಸರಿದಂತೆ ತೇಪೆಯೂ ಸರಿಯುತ್ತದೆ. ಸಣ್ಣವು ಪುಟ್ಟ ಹೆಜ್ಜೆ ಇಡುತ್ತವೆ, ದೊಡ್ಡವು ದಾಪುಗಾಲು.

ಮಾಡಹೊರಟರೆ ಸುಮ್ಮನೆ ನಿಂತ ನೀರೇ ಕೈಕೊಡುತ್ತದೆ. ದೊಡ್ಡ ಚೌಕಕ್ಕೆ ನೆಲದ ಎತ್ತರ ಒಂದೇ, ಸರಾಸರಿ. ಅದನ್ನು ನಾಲ್ಕಾಗಿ ಒಡೆದಾಗ ಒಳಗಿನ ದಿಬ್ಬ, ತಗ್ಗು ಹೊರಬೀಳುತ್ತವೆ. ಹಳೆಯ ಆಳವನ್ನೇ ನಾಲ್ಕಕ್ಕೂ ಕೊಟ್ಟಿರೋ, ದಿಬ್ಬದ ಮೇಲಿನ ನೀರು ಉಬ್ಬಿ, ತಗ್ಗಿನದು ಕುಸಿದು, ಶಾಂತ ಜಲಾಶಯದಲ್ಲಿ ಇಲ್ಲದ ಅಲೆ ಏಳುತ್ತದೆ. ಅದಕ್ಕೇ ಮೊದಲು ನೀರಿನ ಮೇಲ್ಮಟ್ಟ ಹಂಚಿ, ಅದರಿಂದ ನೆಲದ ಎತ್ತರ ಕಳೆದು ಆಳ ಪಡೆಯುತ್ತಾರೆ. ಓಡುವ ನೀರನ್ನು ಹಿಂಬಾಲಿಸುವುದಕ್ಕಿಂತ ನಿಂತ ನೀರನ್ನು ಕದಡದೆ ಬಿಡುವುದೇ ಹೆಚ್ಚಿನ ಜಾಣತನ ಅನಿಸುತ್ತದೆ ನನಗೆ.

ರ‍್ಯಾಂಡಲ್ ಲೆವೆಕ್, ಡೇವಿಡ್ ಜಾರ್ಜ್, ಬರ್ಗರ್ ಸೇರಿ ಬೆಳೆಸಿದ ಜಿಯೋಕ್ಲಾ ತಂತ್ರಾಂಶ ಸುನಾಮಿ ಲೆಕ್ಕಕ್ಕೆ ಹೆಸರಾದದ್ದು. 2011ರಲ್ಲಿ ಜಾರ್ಜ್ ಇದೇ ವಿಧಾನವನ್ನು ಮಾಲ್‌ಪಾಸೆಗೆ ಒಡ್ಡಿದರು. ಕಂಪ್ಯೂಟರಿನೊಳಗೆ ಕಟ್ಟೆ ಮತ್ತೆ ಒಡೆಯಿತು. ಸಣ್ಣ ಚೌಕಗಳ ತೇಪೆ ನೀರಿನ ಮೂತಿಗೆ ಅಂಟಿಕೊಂಡು ಕಣಿವೆ ಇಳಿಯಿತು. ತಾಳೆ ನೋಡಲು ಇದ್ದದ್ದು ಮತ್ತವೇ: ಪೊಲೀಸರು ಅಳೆದ ಗುರುತುಗಳು, ಮೂರು ಟ್ರಾನ್ಸ್‌ಫಾರ್ಮರು ಕೆಟ್ಟ ಹೊತ್ತು.