ಮಂಡಿನೋವೂ ಮನೆಯವರೂ

ಕೀಲಿನ ಮೃದ್ವಸ್ಥಿ ಸವೆದು ಬರುವ ಮಂಡಿನೋವು ಪ್ರಾಣಕ್ಕೆ ಎರವಾಗದು. ಆದರೆ ದಿನದ ಬಾಳನ್ನು ಕಿರಿದುಮಾಡುತ್ತದೆ. ಅದನ್ನು ಅಳೆಯಲು ಕೆನಡಾದಲ್ಲಿ 1982ರಲ್ಲಿ ‘ವೊಮ್ಯಾಕ್’ ಎಂಬ ಪ್ರಶ್ನಾವಳಿ ರಚನೆಯಾಯಿತು. ಅದರಲ್ಲಿರುವುದು 24 ಪ್ರಶ್ನೆಗಳು: ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ನಿತ್ಯದ ಓಡಾಟ, ಕೆಲಸಗಳ ಬಗ್ಗೆ 17. ಮೆಟ್ಟಿಲು ಹತ್ತುವುದು, ಕಾಲುಚೀಲ ತೊಡುವುದು ಎಲ್ಲವೂ ಉಂಟು. ಚಕ್ಕಳಮಕ್ಕಳ ಹಾಕಿ ಕೂರುವುದೊಂದಿಲ್ಲ.

ನುಂಗಂಬಾಕ್ಕಂನ ನಮ್ಮ ಹಿರಿಯರಿಗೆ ಕಾಲುಚೀಲದ ಚಿಂತೆ ಎಲ್ಲಿಯದು? ರೈಲ್ವೆ ಸ್ಟೇಷನ್ನಿನ ಮೆಟ್ಟಿಲು, ಬಾಗಿಲ ಮುಂದಿನ ರಂಗೋಲಿ, ದೇವರ ಮುಂದಿನ ಮಣೆ, ಇವೇ ಅವರ ಪ್ರಶ್ನೆಗಳು. ಪಂಕ್ತಿಯಲ್ಲಿ ಕೂರಲಾಗದೆಂಬ ಸಂಕೋಚದಿಂದ ಮದುವೆ ಮುಂಜಿಗಳನ್ನೇ ಬಿಡುವವರುಂಟು. ಪರವೂರಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರುವುದೇ ಅಂಥ ಕಡೆ. ಅದೂ ತಪ್ಪಿದರೆ ಮಾತಿಗೂ ಬರ.

“ವಯಸ್ಸಾಯಿತು, ಸುಮ್ಮನೆ ಕೂತಿರಿ” ಎನ್ನುವುದು ಪ್ರೀತಿಯ ಮಾತಾದರೂ ಹಿತವಲ್ಲ. ಕೂತಷ್ಟೂ ತೊಡೆಯ ಸ್ನಾಯು ಸೊರಗಿ ಮಂಡಿಗೆ ಆಸರೆ ತಪ್ಪುತ್ತದೆ. ಸ್ಥೂಲಕಾಯರು ಒಂದು ಕಿಲೋ ಇಳಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ ಹಿಡಿಯುವ ವ್ಯಾಯಾಮಕ್ಕೆ ಕಾಸಿನ ಖರ್ಚಿಲ್ಲ. ಇದೆಲ್ಲ ಸಾಲದಿದ್ದರೆ ಶಸ್ತ್ರಚಿಕಿತ್ಸೆಯುಂಟು. ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ, 2000 ಮತ್ತು 2001ರಲ್ಲಿ, ಎರಡೂ ಮಂಡಿಗಳನ್ನು ಬದಲಿಸಿಕೊಂಡರು. ಕೃತಕ ಮಂಡಿಯ ಬೆಲೆಗೆ ಸರ್ಕಾರ 2017ರಲ್ಲಿ ಮಿತಿ ಹಾಕಿತು.

ಆದರೆ ಬಚ್ಚಲಿಗೊಂದು ಹಿಡಿಕೆ, ದೇವರ ಮುಂದೊಂದು ಎತ್ತರದ ಪೀಠ, ಪಂಕ್ತಿಯ ಪಕ್ಕದಲ್ಲೊಂದು ಮೇಜು ಕುರ್ಚಿ, ಇವಕ್ಕೆ ವೈದ್ಯರು ಬೇಕಿಲ್ಲ. ಮನೆಯ ಕಿರಿಯರು ಮನಸ್ಸು ಮಾಡಿದರೆ ಸಾಕು.