ಏರುಪೇರಿಗೆ ಇಂಗ್ಲಿಷಿನ ಹೆಸರುಗಳು

ನಿಸರ್ಗದ ನಿಯಮಗಳನ್ನು ಅರಸುವುದೇ ವಿಜ್ಞಾನದ ಕೆಲಸವೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ನಿಯಮದ ಹಿಡಿತಕ್ಕೆ ಸಿಕ್ಕದೆ ಜಾರುವ ಸಂಗತಿಗಳಿಗೂ ವಿಜ್ಞಾನದಲ್ಲಿ ಹೆಸರುಗಳು ಬೇಕು. ವೇರಿಯೇಷನ್, ಎರರ್, ಅಬೆರೇಷನ್, ಪರ್ಟರ್ಬೇಷನ್, ಅನಾಮಲಿ ಎಂದು ಇಂಗ್ಲಿಷಿನಲ್ಲಿ ಇಂಥವು ಹಲವಿವೆ. ವಿದ್ಯಾರ್ಥಿಗಳು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸುವುದುಂಟು. ಆದರೆ ಒಂದೊಂದು ಪದದ ಮೂಲದಲ್ಲಿಯೂ ಬೇರೆಬೇರೆಯ ಚಿತ್ರವಿದೆ. ಆ ಚಿತ್ರಗಳನ್ನು ಈಗ ನೋಡೋಣ.

ಮೊದಲು ‘ಚೇಂಜ್’ ಎಂಬ ಸಾಮಾನ್ಯ ಪದ. ಲ್ಯಾಟಿನ್ನಿನ ‘ಕಾಂಬಿಯಾರೆ’ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಚೇಂಜ್’ ಆಯಿತು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವುದು, ಅಂದರೆ ವಿನಿಮಯವೇ ಅದರ ಮೂಲಾರ್ಥ. ‘ಚೇಂಜ್ ಕೊಡಿ’ ಎಂದು ಚಿಲ್ಲರೆ ಕೇಳುವ ಬಸ್ ಕಂಡಕ್ಟರು ಈ ಹಳೆಯ ಅರ್ಥಕ್ಕೆ ಬಹು ಸಮೀಪದಲ್ಲಿದ್ದಾರೆ. ‘ವೇರಿಯೇಷನ್’ ಎಂಬುದಕ್ಕೆ ಮೂಲವಾದ ‘ವೇರಿಯಸ್’ ಬಗೆಬಗೆಯ, ಬಣ್ಣಬಣ್ಣದ ಎಂಬ ಅರ್ಥವುಳ್ಳದ್ದು. ಈ ಎರಡು ಪದಗಳಲ್ಲಿಯೂ ದೋಷದ ಸೂಚನೆಯಿಲ್ಲ.

ದೋಷವೆನ್ನಬೇಕಾದರೆ ಮೊದಲು ಅಳತೆಗೋಲೊಂದು ಬೇಕು. ‘ರೆಗ್ಯುಲರ್’ ಪದದ ಮೂಲವಾದ ‘ರೆಗ್ಯುಲ’ ಎಂದರೆ ನೇರವಾದ ಪಟ್ಟಿ. ‘ನಾರ್ಮಲ್’ ಪದದ ಮೂಲವಾದ ‘ನಾರ್ಮ’ ಎಂದರೆ ಬಡಗಿಯ ಮೂಲೆಮಟ್ಟ. ಕನ್ನಡಿಗೆ ಎಳೆದ ಲಂಬರೇಖೆಗೆ ‘ನಾರ್ಮಲ್’ ಎಂಬ ಹೆಸರೇಕೆಂದು ಸೋಜಿಗಪಡುವವರಿಗೆ ಇದೇ ಉತ್ತರ. ‘ಎಕ್ಸೆಂಟ್ರಿಕ್’ ಎಂಬುದು ಗ್ರೀಕಿನ ‘ಕೆಂಟ್ರಾನ್’ನಿಂದ ಹೊರಗಿರುವುದು. ಈ ‘ಕೆಂಟ್ರಾನ್’ ಪದವೇ ಜ್ಯೋತಿಶ್ಶಾಸ್ತ್ರದೊಡನೆ ಸಂಸ್ಕೃತಕ್ಕೆ ಬಂದು ‘ಕೇಂದ್ರ’ವಾಯಿತು. ನಾವು ದೀರ್ಘವೃತ್ತದ ‘ಉತ್ಕೇಂದ್ರತೆ’ ಎನ್ನುವಾಗಲೂ ಅದೇ ಬೇರು ನಮ್ಮ ನಾಲಗೆಯ ಮೇಲಿರುತ್ತದೆ.

ಇನ್ನು ಅಲೆದಾಟದ ಪದಗಳು. ಗ್ರೀಕಿನಲ್ಲಿ ‘ಪ್ಲಾನೆಟ್’ ಎಂದರೆ ಅಲೆಮಾರಿ. ಲ್ಯಾಟಿನ್ನಿನಲ್ಲಿ ‘ಎರ್ರಾರೆ’ ಎಂದರೆ ಅಲೆಯುವುದು. ಅದರಿಂದ ‘ಎರರ್’ ಹುಟ್ಟಿತು. ದಾರಿಯಿಂದ ದೂರ ಅಲೆದುಹೋಗುವುದೇ ‘ಅಬೆರೇಷನ್’. ಇಂಗ್ಲೆಂಡಿನ ಜೇಮ್ಸ್ ಬ್ರ್ಯಾಡ್ಲಿಯು ನಕ್ಷತ್ರದ ದೂರವನ್ನು ಅಳೆಯುವ ಆಸೆಯಿಂದ 1725ರಲ್ಲಿ ಡ್ರೇಕೋ ಪುಂಜದ ತಾರೆಯೊಂದನ್ನು ಗಮನಿಸತೊಡಗಿದನು. ತಾರೆಯು ವರ್ಷದ ಅವಧಿಯಲ್ಲಿ ಅತ್ತಿತ್ತ ಸುಮಾರು 20 ಸೆಕೆಂಡುಗಳಷ್ಟು ಸರಿಯಿತು. (ಒಂದು ಡಿಗ್ರಿಯ 3,600ನೆಯ ಒಂದು ಭಾಗವೇ ಒಂದು ಸೆಕೆಂಡು.) ಆದರೆ ಅವನು ನಿರೀಕ್ಷಿಸಿದ ದಿಕ್ಕಿನಲ್ಲಿ ಅದು ಸರಿಯಲಿಲ್ಲ. ಬ್ರ್ಯಾಡ್ಲಿಯು ಆ ಅಳತೆಗಳನ್ನು ಕೈಬಿಡಲಿಲ್ಲ. ಬೆಳಕಿನ ವೇಗದೊಡನೆ ಭೂಮಿಯ ವೇಗವೂ ಸೇರುವುದರಿಂದ ತಾರೆಯು ಸ್ಥಾನ ಬದಲಿಸಿದಂತೆ ಕಾಣುವುದೆಂದು 1729ರಲ್ಲಿ ತಿಳಿಸಿದನು. ಭೂಮಿಯು ಚಲಿಸುತ್ತಿದೆಯೆಂಬುದಕ್ಕೆ ಹೀಗೆ ನೇರವಾದ ಸಾಕ್ಷ್ಯ ದೊರೆಯಿತು.

‘ಪರ್ಟರ್ಬೇಷನ್’ ಎಂಬುದರ ಮೂಲ ‘ಟರ್ಬ’: ಗುಂಪು, ಗದ್ದಲ. ಜಾತ್ರೆಯಲ್ಲಿ ನಡೆಯುವವನನ್ನು ಪಕ್ಕದವರು ತಳ್ಳುವಂತೆ ಹೊರಗಿನವರಿಂದ ಆಗುವ ಕದಡುವಿಕೆಯಿದು. 1781ರಲ್ಲಿ ಕಂಡುಹಿಡಿಯಲ್ಪಟ್ಟ ಯುರೇನಸ್ ಗ್ರಹವು ಲೆಕ್ಕಕ್ಕೆ ಸರಿಯಾಗಿ ನಡೆಯಲಿಲ್ಲ. ಅದನ್ನು ಸೆಳೆಯುತ್ತಿರುವ ಕಾಣದ ಗ್ರಹವೊಂದು ಇರಬೇಕೆಂದು ಫ್ರಾನ್ಸಿನ ಲೆವೆರ್ಯೆ ಗಣಿಸಿದನು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆಯು ದೂರದರ್ಶಕವನ್ನು ತಿರುಗಿಸಿದಾಗ, ಲೆವೆರ್ಯೆ ಹೇಳಿದ ಸ್ಥಾನದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಕಂಡಿತು.

‘ಅನಾಮಲಿ’ಯನ್ನು ‘ನಿಯಮರಹಿತ’ವೆಂದು ಬಿಡಿಸುವವರುಂಟು, ಅದು ಸರಿಯಲ್ಲ. ಗ್ರೀಕಿನ ‘ಹೊಮಲಾಸ್’ ಎಂದರೆ ಸಮತಟ್ಟು. ಸಮತಟ್ಟಲ್ಲದುದೇ ಅನಾಮಲಿ. ಬುಧಗ್ರಹದ ಕಕ್ಷೆಯು ಲೆಕ್ಕಕ್ಕಿಂತ ಹೆಚ್ಚಾಗಿ ತಿರುಗುತ್ತಿರುವುದನ್ನು ಅದೇ ಲೆವೆರ್ಯೆ 1859ರಲ್ಲಿ ಪ್ರಕಟಿಸಿದನು. ಈ ಹೆಚ್ಚಳವು ಶತಮಾನಕ್ಕೆ ಕೇವಲ 43 ಸೆಕೆಂಡುಗಳೆಂದು ಮುಂದೆ ಖಚಿತವಾಯಿತು. ಇಲ್ಲಿಯೂ ಯಾರೋ ತಳ್ಳುತ್ತಿರಬೇಕೆಂದು ಅವನು ಸೂರ್ಯನ ಸಮೀಪದಲ್ಲಿ ಬೇರೊಂದು ಗ್ರಹವನ್ನು ಊಹಿಸಿದನು. ಅದಕ್ಕೆ ‘ವಲ್ಕನ್’ ಎಂಬ ಹೆಸರೂ ಬಂದಿತು. ಗ್ರಹ ಮಾತ್ರ ಸಿಕ್ಕಲಿಲ್ಲ. 1915ರಲ್ಲಿ ಐನ್‌ಸ್ಟೈನರು ಗುರುತ್ವದ ಹೊಸ ಸಿದ್ಧಾಂತದಿಂದ ಆ 43 ಸೆಕೆಂಡುಗಳನ್ನು ವಿವರಿಸಿದರು. ಬುಧನನ್ನು ಯಾರೂ ತಳ್ಳಿರಲಿಲ್ಲ; ನ್ಯೂಟನ್ನನ ನಿಯಮವೇ ಅಲ್ಲಿ ಸಾಲದಾಗಿತ್ತು.

ಒಬ್ಬನೇ ವಿಜ್ಞಾನಿಗೆ ಎರಡು ಗ್ರಹಗಳು ಒಂದೇ ಬಗೆಯ ಏರುಪೇರನ್ನು ತೋರಿದವು. ಒಂದು ಪರ್ಟರ್ಬೇಷನ್, ಇನ್ನೊಂದು ಅನಾಮಲಿ. ಹೊರನೋಟಕ್ಕೆ ಇವುಗಳ ಭೇದ ತಿಳಿಯದು. ಆದುದರಿಂದ ಪ್ರಯೋಗಶಾಲೆಯಲ್ಲಿ ನಕ್ಷೆಯ ಒಂದು ಬಿಂದು ಸರಳರೇಖೆಯನ್ನು ಬಿಟ್ಟು ನಿಂತಾಗ ಅದನ್ನು ರಬ್ಬರಿನಿಂದ ಅಳಿಸಲು ಆತುರಪಡಬಾರದು. ನಮ್ಮ ಅಳತೆ ದಾರಿ ತಪ್ಪಿತೆ, ಹೊರಗಿನದೇನಾದರೂ ತಳ್ಳಿತೆ, ಅಥವಾ ನಾವು ನಂಬಿದ ರೇಖೆಯೇ ಸರಿಯಿಲ್ಲವೆ? ಈ ಮೂರನ್ನೂ ಅನುಕ್ರಮವಾಗಿ ಪರೀಕ್ಷಿಸಬೇಕು. ಬಹುಪಾಲು ಸಂದರ್ಭಗಳಲ್ಲಿ ಮೊದಲನೆಯ ಪ್ರಶ್ನೆಯಲ್ಲಿಯೇ ಉತ್ತರ ಸಿಕ್ಕೀತು. ಆದರೂ ಬಿಂದುವನ್ನು ಇದ್ದಲ್ಲಿಯೇ ಬರೆದಿಟ್ಟವನಿಗೆ ಮಾತ್ರ ಉಳಿದ ಎರಡು ಪ್ರಶ್ನೆಗಳನ್ನು ಕೇಳುವ ಅವಕಾಶವಿರುತ್ತದೆ.